ಮಾಸ್ತರರ ಕಂಪ್ಯೂಟರಿಗೆ ತಾಗಿದ ನೆದರು

ತಮ್ಮ ಸ್ವಂತ ಮನೆಯಲ್ಲೇ ತಮ್ಮ ವಿರುದ್ಧ ಭಾರೀ ಒಳಸಂಚೊಂದು ನಡೆದಿದೆ ಎಂಬುದು ಇಂಡಿ ಪಟ್ಟಣದ ಹೈಸ್ಕೂಲಿನ ವಿಜ್ಞಾನ ಶಿಕ್ಷಕ ರಾಮಚಂದ್ರ ಮಾಸ್ತರರಿಗೆ ಆಷಾಢದ ಹೊತ್ತಿಗೆ ಖಾತ್ರಿಯಾಯಿತು. ಸಂಚಿನ ಸೂತ್ರಧಾರಿಣಿ ಬೇರೆ ಯಾರೂ ಅಲ್ಲ, ಅವರ ಧರ್ಮಪತ್ನಿ ಇಂದ್ರಾಬಾಯಿ. ಇದಕ್ಕೆ ಸಾಕ್ಷಿ ಏನೂ ಇರಲಿಲ್ಲ. (ಸಂಶಯಪಡಲು ಸಾಕ್ಷಿ ಬೇಕೇ ಬೇಕೆಂದು ಯಾವ ಪಠ್ಯಪುಸ್ತಕದಲ್ಲೂ ಬರೆದಿಲ್ಲವಲ್ಲ!) ಇದ್ದದ್ದು ಒಂದೇ ಸಂಗತಿ: ಮಾಸ್ತರರ ಹೊಸ ಕಂಪ್ಯೂಟರು ಚಾಲೂ ಆಗುತ್ತಿರಲಿಲ್ಲ.

ಇಂಡಿಯಲ್ಲಿ ಕಂಪ್ಯೂಟರೆಂದರೆ ಜನ ಚಪ್ಪಲಿ ಬಿಟ್ಟು ಒಳಗೆ ಬಂದು ನೋಡುತ್ತಿದ್ದ ಕಾಲ ಅದು. ಮಾಸ್ತರರು ಅಸಲಿಗೆ ವಿಜಾಪುರಕ್ಕೆ ಹೋದದ್ದು ಫ್ರಿಜ್ಜು ತರಲು. ಪಡಸಾಲೆಯ ಒಂದು ಮೂಲೆಯನ್ನು ಇಂದ್ರಾಬಾಯಿ ಗುಡಿಸಿ, ಸಾರಿಸಿ, ರಂಗೋಲಿ ಎಳೆದು ಅದಕ್ಕೆಂದೇ ಕಾದಿಟ್ಟಿದ್ದರು. ಸಂಜೆ ಟೆಂಪೋದಿಂದ ಇಳಿದದ್ದು ಮಾತ್ರ ಕಂಪ್ಯೂಟರು. ಇಂದ್ರಾಬಾಯಿ ಅದನ್ನು ಮೇಲಿಂದ ಕೆಳಗೆ ನೋಡಿದರು.

"ಇದರಾಗ ಹಾಲು ಇಟ್ರ ಕೆಡೂದಿಲ್ಲೇನು?"

"ಇಂದ್ರಾ, ಇದು ಜ್ಞಾನದ ಯಂತ್ರ!"

"ಹೌದಾ? ಹಂಗಾರ ಕೇಳ್ರಿ. ನಾಗಪಂಚಮಿ ತನಕಾ ನೋಡ್ತೀನಿ. ಅಷ್ಟ್ರೊಳಗ ನೆಟ್ಟಗ ನಡದ್ರ ಇರ್ಲಿ. ಇಲ್ಲಾಂದ್ರ ಇದು ಸಿಂದಗಿಗೆ ನಮ್ಮ ಶ್ರೀವಲ್ಲಭನ ಮನಿಗೆ ಹೋಗ್ತದ, ಈ ಮೂಲಿಗೆ ಫ್ರಿಜ್ ಬರ್ತದ."

ಶ್ರೀವಲ್ಲಭನೆಂದರೆ ಇಂದ್ರಾಬಾಯಿಯ ತಮ್ಮ. ಸಿಂದಗಿಯಲ್ಲಿ ಟೈಪಿಂಗ್ ಕ್ಲಾಸು ನಡೆಸುತ್ತಿದ್ದ. 'ಅಕ್ಕಾ, ನಿಮಗ ಬ್ಯಾಡಾದ್ರ ನನಗ ಕೊಡ್ರಿ' ಎಂದು ಯಂತ್ರ ಮನೆಗೆ ಬಂದ ಮರುದಿನವೇ ಫೋನು ಮಾಡಿದ್ದ. ಅಂದಿನಿಂದಲೇ ಮಾಸ್ತರರು ಅವನ ಹೆಸರನ್ನು ಸಂಶಯದ ಯಾದಿಗೆ ಸೇರಿಸಿಕೊಂಡರು.

ಮಾಸ್ತರರಿಗೆ ಆ ಯಂತ್ರದ ಮೇಲೆ ಜೀವ. ಸೇವೆಗೆ ಸೇರಿದಂದಿನಿಂದ ಕರಿಹಲಗೆಯ ಮೇಲೆ ಬಿಳಿ ಸೀಮೆಸುಣ್ಣದಲ್ಲಿ ಕಪ್ಪೆಯ ಹೃದಯ ಬರೆದು ಬರೆದು ಬೇಸತ್ತ ಕೈ ಅದು. ಮೊದಲ ದಿನವೇ ಪರದೆಯ ಮೇಲೆ ಅದನ್ನು ಕೆಂಪು, ನೀಲಿ ಬಣ್ಣ ತುಂಬಿ ಬರೆದಾಗ ಅವರ ಕಣ್ಣು ಒದ್ದೆಯಾದವು. ಅದೇ ಗಳಿಗೆಗೆ ಎದುರು ಮನೆಯ ಲಕ್ಕವ್ವ ಹೊಸ್ತಿಲಲ್ಲಿ ಬಂದು ನಿಂತಳು.

"ಎವ್ವಾ! ಎಷ್ಟ್ ಛಂದ ಐತ್ರೀ ಮಾಸ್ತರ್ರ! ನಾಕೂರಾಗ ಯಾರ ಮನ್ಯಾಗೂ ಇಂಥಾದ್ದು ಇಲ್ಲ ಬಿಡ್ರಿ!"

ಹೇಳಿ ಆಕೆ ಬಾಯಿ ಮುಚ್ಚುವಷ್ಟರಲ್ಲಿ ಕರೆಂಟು ಹೋಯಿತು. ಕಪ್ಪೆಯ ಹೃದಯ ಕಪ್ಪು ಪರದೆಯಲ್ಲಿ ಲೀನವಾಯಿತು.

ಇಂಡಿಯಲ್ಲಿ ಕರೆಂಟು ಹೋಗಲು ಲಕ್ಕವ್ವನ ಅಪ್ಪಣೆ ಬೇಕಿರಲಿಲ್ಲ, ಅದು ದಿನಾ ಹೋಗುತ್ತಿತ್ತು. ಇದು ಮಾಸ್ತರರಿಗೂ ಗೊತ್ತು. ಅಷ್ಟೇ ಅಲ್ಲ, ದೃಷ್ಟಿ, ನೆದರು, ಕಣ್ಣೆಸರು ಎಲ್ಲ ಶುದ್ಧ ಬೊಗಳೆ ಎಂದು ಪ್ರತಿ ವರ್ಷ ಶಾಲೆಯ ವಿಜ್ಞಾನ ಸಂಘದ ಉದ್ಘಾಟನೆಯಲ್ಲಿ ಮೇಜು ಗುದ್ದಿ ಭಾಷಣ ಮಾಡುತ್ತಿದ್ದವರೂ ಅವರೇ. ಹೆಡ್ ಮಾಸ್ತರರ ಮೋಟಾರ್ ಸೈಕಲ್ಲಿಗೆ ಕಟ್ಟಿದ್ದ ಲಿಂಬೆಹಣ್ಣು ಮೆಣಸಿನಕಾಯಿಯನ್ನು ಹುಡುಗರೆದುರೇ ಕಿತ್ತೆಸೆದ ಮಹಾನುಭಾವರು. ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ. ಹೊಸ ಗಾಡಿ ತಂದರೆ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು ಚಾಲೂ ಮಾಡುವುದು ಎಲ್ಲರ ಪದ್ಧತಿ. ಇದಕ್ಕೆ ಗಾಲಿ ಇಲ್ಲ, ನಿಜ. ಆದರೆ ಊರ ತುಂಬ ಲಿಂಬೆಯ ತೋಟಗಳಿರುವಾಗ ಒಂದು ಹಣ್ಣಿಗೆ ಬಡತನವೇ? ಇಟ್ಟರೆ ಗಂಟೇನು ಹೋಗುತ್ತದೆ?

ಮರುದಿನ ಬೆಳಗ್ಗೆ ಇಂದ್ರಾಬಾಯಿ ಮಡಿಯಲ್ಲಿ ದೇವರಕೋಣೆ ಸೇರಿದ್ದೇ ತಡ, ಮಾಸ್ತರರು ಅಡುಗೆಮನೆಯ ಬುಟ್ಟಿಯಿಂದ ಒಂದು ಲಿಂಬೆಹಣ್ಣು ಹಾರಿಸಿದರು. ಅದನ್ನು ಕೀಬೋರ್ಡಿನ ನಟ್ಟನಡುವೆ ಇಟ್ಟರು. ಯಾರೂ ನೋಡಬಾರದೆಂದು ಅದರ ಮೇಲೆ ಅರಿವೆಯನ್ನು ಬಿಗಿಯಾಗಿ ಸುತ್ತಿದರು. ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಗಾಲಿ ಉರುಳಿಸಿ, ಗುಂಡಿ ಒತ್ತಿದರು.

ಟಿಕ್ ಟಿಕ್ ಟಿಕ್ ಟಿಕ್! ಯಂತ್ರ ಒಂದೇ ಸಮನೆ ಕೂಗತೊಡಗಿತು. ಪರದೆಯ ಮೇಲೆ 'ಕೀಬೋರ್ಡು ದೋಷ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಮೂಡಿ, ಮುಂದುವರಿಯಲು ಅದೇ ಕೀಬೋರ್ಡಿನ ಒಂದು ಗುಂಡಿ ಒತ್ತಿರೆಂದು ಹೇಳಿತು. ಕೆಟ್ಟಿದೆ ಎನ್ನುವುದೂ ಇದೇ, ಒತ್ತು ಎನ್ನುವುದೂ ಇದೇ! ಮಾಸ್ತರರಿಗೆ ಇದರಲ್ಲಿ ಏನೋ ಮೋಸ ಕಂಡಿತು. ಒತ್ತಿದರೆ ಇನ್ನೇನು ಕಿತ್ತುಕೊಂಡು ಹೋಗುತ್ತದೋ ಎಂದು ಹೆದರಿ ವೈರನ್ನೇ ಕಿತ್ತರು. ಹಣ್ಣು ಜೇಬಿಗೆ ಸೇರಿತು.

ಬಸ್ ಸ್ಟ್ಯಾಂಡಿನ ಹತ್ತಿರ ರಿಪೇರಿ ಅಂಗಡಿ ಇಟ್ಟಿದ್ದ ಅಬ್ದುಲರಜಾಕ ಮಧ್ಯಾಹ್ನ ಬಂದ. ಅವನ ಕಣ್ಣಿಗೆ ವಿಜ್ಞಾನ ಮಾಸ್ತರರ ಲಿಂಬೆಹಣ್ಣು ಬೀಳುವುದುಂಟೇ! ಕೀಬೋರ್ಡು ಲಕಲಕ ಒರೆಸಿಟ್ಟಿದ್ದರು. ಅವನು ಗುಂಡಿ ಒತ್ತಿದ. ಯಂತ್ರ ಒಳ್ಳೆ ಹುಡುಗನ ಹಾಗೆ ಚಾಲೂ ಆಯಿತು.

"ಏನೂ ಆಗಿಲ್ರೀ ಸರ. ಅರ್ಥಿಂಗ್ ಪ್ರಾಬ್ಲೆಮ್" ಎಂದ. (ಆ ಕಾಲದಲ್ಲಿ ಟಿವಿ, ಮಿಕ್ಸರ್, ಫ್ಯಾನು ಯಾವುದು ಕೆಟ್ಟರೂ ಅವನ ಬಾಯಲ್ಲಿ ಬರುತ್ತಿದ್ದುದು ಅರ್ಥಿಂಗೇ.)

ಮರುದಿನ ಬೆಳಗ್ಗೆ ಮತ್ತೆ ಲಿಂಬೆಹಣ್ಣು, ಮತ್ತೆ ಟಿಕ್ ಟಿಕ್. ಮಾಸ್ತರರು ವೈಜ್ಞಾನಿಕವಾಗಿ ಯೋಚಿಸಿದರು: ಒಂದಕ್ಕೆ ಜಗ್ಗದಿದ್ದರೆ ಲಕ್ಕವ್ವನ ನೆದರು ಬಹಳ ಬಲವಾದದ್ದು, ಎರಡು ಬೇಕು. ಎರಡಿಟ್ಟರು. ಯಂತ್ರ ಇನ್ನೂ ಜೋರಾಗಿ ಕೂಗಿತು. ದಪ್ಪನೆಯವು ಇಟ್ಟರು. ಅರಿಷಿಣ ಕುಂಕುಮ ಹಚ್ಚಿ ಇಟ್ಟರು. ಅಬ್ದುಲರಜಾಕ ಬಂದಾಗಲೆಲ್ಲ ಹಣ್ಣು ಜೇಬಿನಲ್ಲಿ, ಯಂತ್ರ ಸುರಳೀತ. ಅವನು ಕೀಬೋರ್ಡು ಬದಲಿಸಿದ, ಹಳೆಯದನ್ನೇ ಮತ್ತೆ ಹಾಕಿದ. ಕೊನೆಗೊಮ್ಮೆ ಬಾಗಿಲಲ್ಲೇ ನಿಂತು ಸೊಂಟದ ಮೇಲೆ ಕೈಯಿಟ್ಟ.

"ಸರ, ನೀವು ನನ್ನ ಚಾಷ್ಟಿ ಮಾಡಾಕತ್ತೀರೇನ್ರಿ? ನಾ ಬಂದಾಗೊಮ್ಮೆ ಚಾಲೂ ಐತಿ!"

"ನೀ ಇದ್ದಾಗಷ್ಟ ಯಾಕ ಚಾಲೂ ಆಗ್ತದ, ಅದನ್ನ ನೀ ಹೇಳು!" ಎಂದು ಮಾಸ್ತರರು ಕಣ್ಣು ಕಿರಿದು ಮಾಡಿದರು.

ಈಗ ಅವರಿಗೆ ಎಲ್ಲವೂ ಹಗಲಿನಷ್ಟು ಸ್ಪಷ್ಟವಾಯಿತು. ಇಂದ್ರಾಬಾಯಿಗೆ ಫ್ರಿಜ್ಜು ಬೇಕು, ಶ್ರೀವಲ್ಲಭನಿಗೆ ಕಂಪ್ಯೂಟರು ಬೇಕು. ಅಬ್ದುಲರಜಾಕನನ್ನು ಒಳಗೆ ಹಾಕಿಕೊಂಡಿದ್ದಾರೆ! ಇದಕ್ಕೆ ತಕ್ಕಂತೆ ಇಂದ್ರಾಬಾಯಿಯ ನಡವಳಿಕೆಯೂ ಬದಲಾಗಿತ್ತು. ಮಾಸ್ತರರು ಎದುರಿಗೆ ಬಂದರೆ ಸಾಕು, ಮೂಗು ಅರಳಿಸಿ ಮೂಸುತ್ತಿದ್ದರು. ಅಂಗಿಯ ಜೇಬು ತಡಕುತ್ತಿದ್ದರು.

"ರೀ, ಬುಟ್ಟ್ಯಾಗಿನ ಲಿಂಬಿಹಣ್ಣು ಎಲ್ಲಿ ಹೋದ್ವು?"

"ಇಲಿ ತಿಂದಿರ್ಬೇಕು."

"ಲಿಂಬಿಹಣ್ಣು ತಿನ್ನೂ ಇಲಿನ ನಾ ಹುಟ್ಟಿದಂದಿಂದ ನೋಡಿಲ್ಲ" ಎಂದು ಇಂದ್ರಾಬಾಯಿ ಗಂಡನನ್ನೇ ದಿಟ್ಟಿಸಿದರು.

ಪಂಚಮಿ ಹತ್ತಿರ ಬಂತು. ಒಂದು ಸಂಜೆ ಇಂದ್ರಾಬಾಯಿ ಫೋನಿನಲ್ಲಿ ಪಿಸುಗುಟ್ಟುವುದು ಮಾಸ್ತರರ ಕಿವಿಗೆ ಬಿತ್ತು: "ನೀ ಬಂದೇಬಿಡು ಶ್ರೀವಲ್ಲಭ. ದಿನಾ ಬೆಳಗಾದ್ರ ಪಡಸಾಲಿ ಕದಾ ಮುಂದ್ ಮಾಡ್ಕೊಂಡು ಒಳಗ ಕೂಡ್ತಾರ. ಇನ್ನ ನನ್ನ ಕೈಲೆ ತಡಕೊಳ್ಳಿಕ್ಕೆ ಆಗೂದಿಲ್ಲ." ಆಯಿತು, ಯಂತ್ರ ಹೊತ್ತೊಯ್ಯಲು ಆಳು ಬರುತ್ತಿದ್ದಾನೆ! ಶ್ರೀವಲ್ಲಭ ಮರುದಿನ ಬಂದೇ ಬಂದ. ಉಂಡು ಪಡಸಾಲೆಯಲ್ಲೇ ಹಾಸಿಕೊಂಡು, ಮುಖದ ತುಂಬ ಹೊದ್ದು ಮಲಗಿದ. ಅಳತೆ ತೆಗೆಯಲೆಂದೇ ಅಲ್ಲಿ ಮಲಗಿದ್ದಾನೆ ಎಂದು ಮಾಸ್ತರರು ಹಲ್ಲು ಕಚ್ಚಿದರು.

ಬೆಳಗಾಯಿತು. ದೇವರಕೋಣೆಯಲ್ಲಿ ಗಂಟೆ ಬಾರಿಸತೊಡಗಿತು. ಮಾಸ್ತರರಿಗೆ ಧೈರ್ಯ ಬಂತು. ಮಡಿಯಲ್ಲಿರುವ ಹೆಂಡತಿ ಹೊರಗೆ ಬರಲಾರಳು, ಭಾವಮೈದುನ ಗೊರಕೆ ಹೊಡೆಯುತ್ತಿದ್ದಾನೆ. ಇವತ್ತು ಯಂತ್ರ ಎದ್ದರೆ ಎದ್ದಿತು. ಬುಟ್ಟಿಯಲ್ಲಿದ್ದ ಅಷ್ಟೂ ಲಿಂಬೆಹಣ್ಣಿಗೆ ಅರಿಷಿಣ ಕುಂಕುಮ ಹಚ್ಚಿ ಕೀಬೋರ್ಡಿನ ಮೇಲೆ ಸಾಲಾಗಿ ಜೋಡಿಸಿ, ಅರಿವೆ ಬಿಗಿದು ಗುಂಡಿ ಒತ್ತಿದರು. ಟಿಕ್ ಟಿಕ್ ಟಿಕ್! ಗಂಟೆಯ ಸದ್ದೂ ಯಾಕೋ ಹತ್ತಿರವಾದಂತಾಯಿತು. ಹೊರಳಿ ನೋಡಿದರೆ ಇಂದ್ರಾಬಾಯಿ ಕೈಯಲ್ಲಿ ಗಂಟೆ ಬಾರಿಸುತ್ತಲೇ ಬೆನ್ನ ಹಿಂದೆ ನಿಂತಿದ್ದಾರೆ! ಅತ್ತ ಶ್ರೀವಲ್ಲಭ ಹೊದಿಕೆ ಒದ್ದು ಎದ್ದು ಕುಳಿತ.

"ಎಲ್ಲಿಟ್ಟೀರಿ ಬಾಟ್ಲಿ?" ಎಂದು ಇಂದ್ರಾಬಾಯಿ ಗುಡುಗಿದರು.

"ಬಾಟ್ಲಿ? ಯಾವ ಬಾಟ್ಲಿ?"

"ಮುಂಜಾನೆ ಎದ್ದು ಕದಾ ಹಾಕ್ಕೊಳ್ಳೂದು, ಲಿಂಬಿಹಣ್ಣು ಕದಿಯೂದು, ಜೇಬೆಲ್ಲಾ ಅದರ ವಾಸನಿ! ಕುಡದದ್ದು ಇಳೀಲಿಕ್ಕೆ ಜನ ಲಿಂಬಿಹಣ್ಣು ಹಿಂಡ್ಕೋತಾರ ಅಂತ ನನಗ ಗೊತ್ತಿಲ್ಲಂತ ತಿಳದೀರೇನು?" ಎನ್ನುತ್ತ ಇಂದ್ರಾಬಾಯಿ ಅರಿವೆ ಕಿತ್ತೆಸೆದು ಹಣ್ಣುಗಳನ್ನೆಲ್ಲ ಸೆರಗಿಗೆ ಬಾಚಿಕೊಂಡರು.

ಟಿಕ್ ಟಿಕ್ ನಿಂತೇಬಿಟ್ಟಿತು.

ಶ್ರೀವಲ್ಲಭ ಎದ್ದು ಬಂದು ಯಂತ್ರವನ್ನು ಮತ್ತೆ ಚಾಲೂ ಮಾಡಿದ. ಚೆನ್ನಾಗಿ ಎದ್ದಿತು. ಅಕ್ಕನ ಸೆರಗಿನಿಂದ ಒಂದು ಹಣ್ಣು ತೆಗೆದು ಗುಂಡಿಗಳ ಮೇಲೆ ಇಟ್ಟು ಒತ್ತಿ ಹಿಡಿದ. ಟಿಕ್ ಟಿಕ್. ತೆಗೆದ. ಸುಮ್ಮನಾಯಿತು. ಅವನಿಗೆ ಇದು ಬಹಳ ರುಚಿಸಿತು.

"ಅಕ್ಕಾ, ಇದಕ್ಕ ಏನೂ ಆಗಿಲ್ಲ. ಗುಂಡಿ ಒತ್ತಿ ಹಿಡದ್ರ ಅದು ಒದರ್ತದ, ಅಷ್ಟ. ಭಾವ, ಇದೇನ್ರಿ ಇದು?"

"ಪ್ರಯೋಗ" ಎಂದರು ಮಾಸ್ತರರು ಗಂಟಲು ಸರಿಮಾಡಿಕೊಂಡು. "ಲಿಂಬಿಹಣ್ಣಿನ ಆಮ್ಲದೊಳಗ ವಿದ್ಯುಚ್ಛಕ್ತಿ ಇರ್ತದ..."

"ಪ್ರಯೋಗಕ್ಕ ಅರಿಷಿಣ ಕುಂಕುಮ ಹಚ್ಚತಾರೇನ್ರಿ?" ಎಂದ ಶ್ರೀವಲ್ಲಭ.

ಇಂದ್ರಾಬಾಯಿ ಸೆರಗಿನಲ್ಲಿದ್ದ ಹಣ್ಣೊಂದನ್ನು ತಿರುಗಿಸಿ ನೋಡಿದರು. ಕುಂಕುಮ ನೋಡಿದರು. ಬಾಗಿಲಾಚೆ ಅಂಗಳ ಗುಡಿಸುತ್ತಿದ್ದ ಲಕ್ಕವ್ವನನ್ನು ನೋಡಿದರು. ಮುಖದಲ್ಲಿ ಸಣ್ಣಗೆ ನಗು ಮೂಡಿತು. ಆ ನಗು ಮಾಸ್ತರರಿಗೆ ಸರಿಬೀಳಲಿಲ್ಲ.

"ಯಂತ್ರ ನೆಟ್ಟಗದ" ಎಂದು ಮಾಸ್ತರರು ಮೊದಲೇ ಹೇಳಿಬಿಟ್ಟರು. "ನಿನ್ನ ಮಾತಿನ ಪ್ರಕಾರ ಇದು ಇಲ್ಲೇ ಇರಬೇಕು."

"ಇರಬೇಕಲ್ಲಾ! ನಾ ಮಾತಿಗೆ ತಪ್ಪೂದಿಲ್ಲ. ಒಂದೇ ಒಂದು ಕೇಳ್ತೀನಿ, ಹೇಳ್ರಿ. ನೆದರು ಆಗೂದು ಖರೇನೋ, ಸುಳ್ಳೋ? ಸುಳ್ಳು ಅಂದ್ರ, ಇಷ್ಟು ಲಿಂಬಿಹಣ್ಣು ಕುಡೀಲಿಕ್ಕಲ್ಲದ ಮತ್ಯಾತಕ್ಕ ಬೇಕಾದ್ವು? ಇವತ್ತ ನಮ್ಮ ಕಾಕಾನ್ನ ಕರಸ್ತೀನಿ, ಅವರ ಮುಂದ ಕೂತು ಹೇಳ್ರಿ. ಖರೇ ಅಂದ್ರ, ಲಕ್ಕವ್ವನ ಕಣ್ಣ ಮುಂದ ಇಷ್ಟ ಛಂದನ್ನ ಯಂತ್ರ ಇಡೂದು ಪಾಪ. ಸಿಂದಗಿಗೆ ಹೋಗಿ ಸುಖವಾಗಿ ಇರ್ಲಿ."

ಮಾಸ್ತರರು ಶ್ರೀವಲ್ಲಭನನ್ನು ನೋಡಿದರು. ಅವನು ಆಗಲೇ ವೈರು ಸುತ್ತತೊಡಗಿದ್ದ. ಪರದೆಯನ್ನು ನೋಡಿದರು. ಆ ಕಾಕಾ ಮಠದ ಪಾರುಪತ್ಯಗಾರರು, ಈರುಳ್ಳಿ ತಿಂದವರನ್ನೂ ಪಂಕ್ತಿಗೆ ಸೇರಿಸುತ್ತಿರಲಿಲ್ಲ.

"ಖರೇ" ಎಂದರು, ಮೆಲ್ಲಗೆ.

"ಏನಂದ್ರಿ? ಕೇಳಿಸ್ಲಿಲ್ಲ."

"ನೆದರು ಖರೇ!" ಎಂದು ಮಾಸ್ತರರು ಸಿಟ್ಟಿನಿಂದ ಅರಚಿದರು.

ಎದುರಂಗಳದಲ್ಲಿ ಕಸಬರಿಗೆ ನಿಂತಿತು. "ಹೌದ್ರೀ ಮಾಸ್ತರ್ರ! ಖರೇ ಐತಿ! ನಾವ ಹೇಳಿದ್ರ ನೀವು ನಗ್ತಿದ್ರಿ!" ಎಂದು ಲಕ್ಕವ್ವ ಹರ್ಷದಿಂದ ಕೂಗಿ, ಕಸಬರಿಗೆ ಅಲ್ಲೇ ಬಿಟ್ಟು ಓಣಿಯೊಳಗೆ ಓಡಿದಳು.

ಯಂತ್ರವನ್ನು ಸಿಂದಗಿಯ ಬಸ್ಸಿಗೆ ಹತ್ತಿಸಿ ಮಾಸ್ತರರು ಶಾಲೆ ಮುಟ್ಟುವ ಹೊತ್ತಿಗೆ ಹೆಡ್ ಮಾಸ್ತರರು ಗೇಟಿನಲ್ಲೇ ಕಾಯುತ್ತಿದ್ದರು. ಎರಡೂ ಕೈ ಜೋಡಿಸಿ, ತಮ್ಮ ಮೋಟಾರ್ ಸೈಕಲ್ಲಿಗೆ ಲಿಂಬೆಹಣ್ಣು ಯಾವ ವಾರ ಕಟ್ಟಿದರೆ ಒಳ್ಳೆಯದು, ಕುಂಕುಮ ಎಷ್ಟು ಹಚ್ಚಬೇಕು ಎಂದು ಎಲ್ಲ ಹುಡುಗರಿಗೂ ಕೇಳಿಸುವಂತೆ ವಿನಯದಿಂದ ವಿಚಾರಿಸಿದರು.