ಕ್ಲಚ್ ಇಲ್ಲದ ಅಂಬಾಸಿಡರ್

ರಿಪೇರಿಗೆ ಒಂದು ಗಾಡಿ ಬಂದರೆ ಅದರ ಹಿಂದೆ ಒಂದು ಸಂಸಾರವೂ ಬರುತ್ತದೆ. ಕಡಯಂಪಟ್ಟಿಯ ನನ್ನ ಶೆಡ್ಡಿನಲ್ಲಿ ಇದು ತಪ್ಪಿದ್ದೇ ಇಲ್ಲ. ಈ ಸಲ ಬಂದದ್ದು ತಾರಮಂಗಲದ ನೇಕಾರ ದೊಡ್ಡಪ್ಪ, ಅವರ ಹೆಂಡತಿ ದೊಡ್ಡಮ್ಮ, ಮೂವತ್ತು ವರ್ಷದಿಂದ ಅವರ ಜತೆಗಿರುವ ಅಂಬಾಸಿಡರ್.

ಆಪರೇಷನ್

ನಲವತ್ತು ವರ್ಷ ಮಗ್ಗ ತುಳಿದು ದೊಡ್ಡಪ್ಪನ ಎಡಮಂಡಿ ಸವೆದಿತ್ತು. ಕ್ಲಚ್ ಒತ್ತಿದರೆ ಕಣ್ಣಲ್ಲಿ ನೀರು.

"ಇವ್ಳು ಕಾರ್ ಮಾರ್ಬುಡು ಅಂತಾಳೆ. ನಂಗೆ ಮನ್ಸಿಲ್ಲ. ಕ್ಲಚ್ಚೇ ಇಲ್ದಂಗೆ ಮಾಡಾಕಾಯ್ತದಾ?"

"ಆಯ್ತದೆ ದೊಡ್ಡಪ್ಪ. ಓವರ್‌ಡ್ರೈವ್ ಇರೋ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಕ್ಬೋದು. ಆದ್ರೆ ತಗಡು ಕುಯ್ಬೇಕು, ಕೆಳಗಿನ ಶಾಫ್ಟ್ ಮೊಟಕು ಮಾಡ್ಬೇಕು. ದೊಡ್ಡ ಆಪರೇಷನ್ನು."

ದೊಡ್ಡಪ್ಪ ಕೂಡಲೇ ತಮಿಳಲ್ಲಿ 'ಪಣ್ಣಿಡಲಾಂ', ಮಾಡೇಬಿಡೋಣ, ಅಂದುಬಿಟ್ಟರು. ದೊಡ್ಡಮ್ಮ ನನ್ನ ಕಡೆ ತಿರುಗಿದರು: "ಮಂಡಿಗೆ ಆಪರೇಷನ್ ಅಂದ್ರೆ ಬ್ಯಾಡ ಅಂದೋರು, ಕಾರಿಗಂದ್ರೆ 'ಪಣ್ಣಿಡಲಾಂ' ಅಂತಾರೆ ನೋಡು."

ಎಡಗಾಲು

ಗೇರ್‌ಬಾಕ್ಸ್ ಕೂತಿತು. ಕ್ಲಚ್ ಹೋಯಿತು. ಆದರೆ ದೊಡ್ಡಪ್ಪನ ಎಡಗಾಲಿಗೆ ಅದು ಗೊತ್ತಿಲ್ಲ. ಗಾಡಿ ನೋಡಲೆಂದು ಮೂವರೂ ಓಮಲೂರಿಗೆ ಹೊರಟಾಗ, ಅಭ್ಯಾಸಬಲದಿಂದ ಕ್ಲಚ್ಚೆಂದು ಬ್ರೇಕನ್ನೇ ತುಳಿದರು. ಹಿಂದೆ ಕೂತಿದ್ದ ನನ್ನ ಹಣೆ ಮುಂದಿನ ಸೀಟಿಗೆ ಬಡಿಯಿತು. ಮೂರನೇ ಸಲ ಬಡಿದ ಮೇಲೆ, ಪಕ್ಕದಲ್ಲಿದ್ದ ದೊಡ್ಡಮ್ಮ ಗಂಡನ ಎಡಮಂಡಿಯನ್ನು ಕೈಯಿಂದ ಒತ್ತಿ ಹಿಡಿದರು. ಊರೊಳಗೆ ಜನ ತಿರುಗಿ ತಿರುಗಿ ನೋಡಿದರು.

"ಕೈ ತೆಗಿ, ನೋಡ್ತಾವ್ರೆ," ಅಂದರು ದೊಡ್ಡಪ್ಪ.

"ನೋಡ್ಲಿ. ಮದ್ವೆ ಆದ ಒಸದ್ರಾಗೂ ಇಂಗೆ ಕುಂತಿರ್ಲಿಲ್ಲ."

ಓವರ್‌ಡ್ರೈವ್

ಕಾಲು ಪಳಗಿದ ಮೇಲೆ ಇಬ್ಬರೂ ಹೊಗೆನಕಲ್ಲಿಗೆ ಮೀನು ತಿನ್ನಲು ಹೊರಟರು. ಧರ್ಮಪುರಿ ಹೈವೇಯಲ್ಲಿ ಓವರ್‌ಡ್ರೈವ್ ಬಿತ್ತು. ಅಂದರೆ ಕಾರಿನ ವೇಗ ಅಷ್ಟೇ, ಇಂಜಿನ್ ಮಾತ್ರ ನಿಧಾನ, ಸದ್ದು ಕಮ್ಮಿ. ಇಂಜಿನ್ ಆಫಾಯಿತೆಂದು ದೊಡ್ಡಪ್ಪ ಗಾಬರಿಯಾಗಿ ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಬಾನೆಟ್ ಎತ್ತಿ ನೋಡಿದರು. ಓಡುತ್ತಿತ್ತು. ನಾಚಿಕೊಂಡು ಒಳಗೆ ಬಂದು ಕೂತರು.

"ಮೂವತ್ತು ವರ್ಸದಾಗೆ ಈ ಕಾರಲ್ಲಿ ನೀನ್ ಮಾತಾಡಿದ್ದು ಇವತ್ತೇ ಕೇಳ್ಸಿದ್ದು," ಅಂದರಂತೆ ಹೆಂಡತಿಗೆ.

"ಅಂಗಾದ್ರೆ ಮೊದ್ಲಿಂದ ಯೋಳ್ತೀನಿ," ಅಂದರಂತೆ ದೊಡ್ಡಮ್ಮ. ಹೊಗೆನಕಲ್ ತಲುಪುವವರೆಗೂ ಹೇಳಿದರಂತೆ.

ಇನ್ನೊಂದು ಬ್ರೇಕ್

ತಿಂಗಳಾದ ಮೇಲೆ ದೊಡ್ಡಪ್ಪ ಬಸ್ಸಲ್ಲಿ ಬಂದರು.

"ಕಾರೆಲ್ಲಿ ದೊಡ್ಡಪ್ಪ?"

"ಅವ್ಳತ್ರ ಐತೆ."

ದೊಡ್ಡಮ್ಮನಿಗೆ ಮೊದಲೇ ಲೈಸೆನ್ಸ್ ಇತ್ತಂತೆ. ಕ್ಲಚ್ಚಿಗೆ ಹೆದರಿ ಓಡಿಸುವುದನ್ನು ಬಿಟ್ಟಿದ್ದರಂತೆ. ಈಗ ಹೆದರಿಕೆಗೆ ಕಾರಣವೇ ಇಲ್ಲ.

"ಚೆನ್ನಾಗೇ ಓಡುಸ್ತಾಳೆ. ಆದ್ರೆ ಪಕ್ಕದಾಗೆ ಕುಂತ್ರೆ ನಂಗೆ ಜೀವ ಓಗ್ತದೆ. ನನ್ ಕಾಲ್ ಕೆಳ್ಗೂ ಒಂದು ಬ್ರೇಕ್ ಇಟ್ಕೊಡು."

"ದೊಡ್ಡಮ್ಮ ಬೈಯಲ್ವಾ?"

"ಕನೆಕ್ಷನ್ ಬ್ಯಾಡಪ್ಪ. ತುಳಿಯಾಕೆ ಏನಾದ್ರೂ ಸಿಕ್ರೆ ಸಾಕು."

ಅವರ ಮುಖ ನೋಡಿ ಇಲ್ಲ ಅನ್ನಲಾಗಲಿಲ್ಲ. ಹಳೇ ಪೆಡಲ್ ಒಂದಕ್ಕೆ ಸ್ಪ್ರಿಂಗ್ ಕೊಟ್ಟು, ಅವರ ಮನೆಗೇ ಹೋಗಿ ಎರಡು ಬೋಲ್ಟ್ ಹಾಕಿ ಕಾರಲ್ಲಿ ಕೂರಿಸಿದೆ. ವಾರದ ಮೇಲೆ ದೊಡ್ಡಮ್ಮ ಫೋನ್ ಮಾಡಿದರು.

"ಏನ್ ಬ್ರೇಕ್ ಆಕ್ಕೊಟ್ಟೆ ತಮ್ಮ? ನಾನ್ ಕಾರ್ ನಿಲ್ಸಿದಾಗೆಲ್ಲ ಇವ್ರು 'ಸದ್ಯ, ನಾನಿದ್ದೆ' ಅಂತಾರೆ."