ಮುನ್ನೂರು ಪದಗಳಲ್ಲಿ ಶಶಿಕುಮಾರ್

"ಸಾರ್, ಮಧ್ಯಾಹ್ನ ನೀವು ಯಾರ ಜೊತೆ ಊಟ ಮಾಡ್ತೀರಾ?"

ಪಿಯುಸಿ ಮುಗಿಸಿದ್ದ ಮಾನಸ ಹೀಗೆ ಕೇಳಿದಾಗ ಶಶಿಕುಮಾರ್ ಪ್ರಿಂಟರಿಗೆ ಕಾಗದ ತುಂಬುತ್ತಿದ್ದರು. ಕೈ ಅಲ್ಲೇ ನಿಂತಿತು. ವಿಜಯನಗರದ ಆ ಅಡ್ಡರಸ್ತೆಯಲ್ಲಿ ಅವರ ಮುಂಕೋಣೆಗೆ ಬರುವವರು ಏನೇನು ಕೇಳುತ್ತಾರೆಂಬುದು ಅವರಿಗೆ ಬಾಯಿಪಾಠ. ಸಾರ್, ರೆಸ್ಯೂಮ್ ರೆಡಿಯಾ, ಸಾರ್, ಕಲರ್ ಜೆರಾಕ್ಸ್ ಇದೆಯಾ, ಸಾರ್, ಚಿಲ್ಲರೆ ಇಲ್ಲ. ಅವರ ಊಟದ ಸುದ್ದಿ ಈವರೆಗೆ ಯಾರೂ ಎತ್ತಿರಲಿಲ್ಲ.

"ಒಬ್ಬನೇ ಮಾಡ್ತೀನಿ. ಯಾಕಮ್ಮ?"

"ನಿಮ್ಮ ಬಗ್ಗೆ ಬರೀತಿದೀನಿ ಸಾರ್. ಕಾಲೇಜ್ ಅಪ್ಲಿಕೇಶನ್‌ಗೆ ಎಸ್ಸೆ. ಸಂಜೆ ಆರಕ್ಕೆ ಲಾಸ್ಟು."

ಶಶಿಕುಮಾರ್ ಕುರ್ಚಿ ಹುಡುಕಿಕೊಂಡು ಕುಳಿತರು.

ಅವರು ಮೊದಲು ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸ್ಟೆನೋ ಆಗಿದ್ದವರು. ಕಾರ್ಖಾನೆ ಬಾಗಿಲು ಹಾಕಿದ ಮೇಲೆ ತಮ್ಮ ಬಾಡಿಗೆ ಮನೆಯ ಮುಂಕೋಣೆಯ ಬಾಗಿಲು ತೆರೆದರು. ಈಗಿನ ಖಾಸಗಿ ಕಾಲೇಜುಗಳು ಪಿಯುಸಿ ಮುಗಿಸಿದ ಮಕ್ಕಳ ಮಾರ್ಕ್ಸ್ ಮಾತ್ರ ನೋಡುವುದಿಲ್ಲ, ಹೃದಯವನ್ನೂ ನೋಡುತ್ತವೆ. ಆ ಹೃದಯವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಡುವುದು ಶಶಿಕುಮಾರರ ಕೆಲಸ.

ಈ ಕೆಲಸಕ್ಕೆ ಅವರಲ್ಲಿ ಎರಡು ನಿಯಮಗಳಿದ್ದವು. ಒಂದನ್ನು ದೊಡ್ಡಕ್ಷರದಲ್ಲಿ ಗೋಡೆಗೆ ಅಂಟಿಸಿದ್ದರು: 'ಮೊದಲು ಪ್ರಶ್ನೆ ಓದಿ'. ಇನ್ನೊಂದನ್ನು ಬಾಯಲ್ಲಿ ಹೇಳುತ್ತಿದ್ದರು: ಓದಿದವರ ಕಣ್ಣು ಒದ್ದೆಯಾಗಬೇಕು. ಈ ಎರಡನೆಯ ನಿಯಮಕ್ಕೆ ಬೀದಿಯ ಅಜ್ಜಿಯರು ಸಾಲಾಗಿ ಬಲಿಯಾಗಿದ್ದರು. ಎದುರು ಮನೆಯ ನರಸಮ್ಮ ಹೋದ ವರ್ಷ ಮೊಮ್ಮಗ ದರ್ಶನ್‌ನ ಅರ್ಜಿಯಲ್ಲಿ ತೀರಿಕೊಂಡಿದ್ದರು. ಅವನಿಗೆ ಸೀಟು ಸಿಕ್ಕಿದ್ದರಿಂದ ಹೆಚ್ಚು ಗಲಾಟೆಯೇನೂ ಆಗಲಿಲ್ಲ. ಆದರೂ ಶಶಿಕುಮಾರ್ ಕಣ್ಣಿಗೆ ಬಿದ್ದಾಗಲೆಲ್ಲ ಆಕೆ, "ಇನ್ನೂ ಬದುಕಿದೀನಿ ಕಣಪ್ಪಾ" ಎಂದು ನೆನಪಿಸುತ್ತಿದ್ದರು.

ಹೆಚ್ಚಿನ ಕಾಲೇಜುಗಳು ಕೇಳುವ ಪ್ರಶ್ನೆ ಒಂದೇ: ನಿಮ್ಮ ಮೇಲೆ ಪ್ರಭಾವ ಬೀರಿದ ವ್ಯಕ್ತಿ ಯಾರು? ಶಶಿಕುಮಾರ್ ಆ ಪೀಠದ ಮೇಲೆ ಯಾರ್ಯಾರನ್ನೋ ಕೂರಿಸಿದ್ದರು. ಆಟೋ ಓಡಿಸುವ ಅಪ್ಪಂದಿರನ್ನು, ಸೈನ್ಯ ಸೇರಿದ ಸೋದರಮಾವಂದಿರನ್ನು, ಒಮ್ಮೆ ಒಬ್ಬ ಜಿಮ್ ಮಾಸ್ಟರನ್ನು. ಇವತ್ತು ಪೀಠ ತಾನಾಗಿಯೇ ಅವರ ಮನೆಗೆ ನಡೆದು ಬಂದಿತ್ತು.

"ನನ್ನ ಬಗ್ಗೆ ಬರೆಯೋದು ಏನಿದೆಯಮ್ಮ?" ಎಂದರು, ಇಲ್ಲ ಎನ್ನಬೇಡ ಎಂಬ ಮುಖದಲ್ಲಿ.

"ಬೀದಿಯೆಲ್ಲಾ ಯೋಚನೆ ಮಾಡಿದೆ ಸಾರ್. ನಿಮ್ಮಷ್ಟು ಸರಿಯಾಗಿ ಯಾರೂ ಹೊಂದಲ್ಲ."

ಪ್ರಶ್ನೆ ತೋರಿಸು ಎನ್ನಲು ಅವರಿಗೆ ಸಂಕೋಚವಾಯಿತು. ಹೊಗಳಿಸಿಕೊಳ್ಳಲು ಕೇಳಿದಂತಾಗುತ್ತದೆ.

ಅಷ್ಟರಲ್ಲಿ ಮಹಡಿ ಮನೆಯ ಮಾಲೀಕರಾದ ವರಲಕ್ಷ್ಮಿ ಮೆಟ್ಟಿಲಿಳಿದು ಬಂದರು. ಆಕೆಯ ಕಿವಿಗೆ ಬೀಳದೆ ಆ ಕಟ್ಟಡದಲ್ಲಿ ಸೂಜಿಯೂ ಬೀಳುತ್ತಿರಲಿಲ್ಲ. "ಎಸ್ಸೇನಾ? ಬರ್ಕೋ ಮಾನಸ. ಇವರು ಟೀವಿ ಜೊತೆ ಮಾತಾಡ್ತಾರೆ. ವಾರ್ತೆ ಓದೋಳು ನಮಸ್ಕಾರ ಅಂದ್ರೆ ಇವರೂ ನಮಸ್ಕಾರ ಅಂತಾರೆ. ನಮ್ಮ ಮನೆಗೆ ಕೇಳ್ಸತ್ತೆ."

"ಅದು ಮರ್ಯಾದೆಗೆ ಅಂದಿದ್ದು ಮೇಡಂ," ಎಂದರು ಶಶಿಕುಮಾರ್.

ಪಕ್ಕದ ದಿನಸಿ ಅಂಗಡಿಯ ಚನ್ನವೀರಪ್ಪನವರೂ ಗಿರಾಕಿಯನ್ನು ನಿಲ್ಲಿಸಿ ಬಂದರು. "ನಂದೂ ಹಾಕಮ್ಮ. ಅವರಮ್ಮ ಹೋಗಿ ಎಷ್ಟು ಕಾಲ ಆಯ್ತು, ಈಗ್ಲೂ ಇಬ್ಬರಿಗಾಗೋಷ್ಟು ಹಾಲು ತಗೊಂಡು ಹೋಗ್ತಾರೆ. ಕಮ್ಮಿ ತಗೊಳಿ ಸಾರ್ ಅಂತ ನಾನೇ ಹೇಳ್ದೆ. ವ್ಯಾಪಾರಸ್ಥ ಯಾರಾದ್ರೂ ಹಂಗೆ ಹೇಳ್ತಾನಾ?"

ಶಶಿಕುಮಾರರಿಗೆ ಮುಜುಗರವಾಯಿತು. ದೊಡ್ಡವರ ಬಗ್ಗೆ ಬರೆಯುವಾಗ ಇಂಥ ಸಣ್ಣಪುಟ್ಟ ವಿಚಿತ್ರಗಳನ್ನೂ ಸೇರಿಸುವುದುಂಟು ಎಂದುಕೊಂಡು ಸಮಾಧಾನ ಮಾಡಿಕೊಂಡರು.

"ಹಬ್ಬದ ದಿನ ಬಾಗಿಲು ಹಾಕ್ಕೊಂಡು ಮಲಗಿಬಿಡ್ತಾನೆ," ಎಂದು ಎದುರು ಜಗಲಿಯಿಂದಲೇ ಕೂಗಿದರು ನರಸಮ್ಮ. "ಇದನ್ನ ನಾನು ಹೇಳ್ದೆ ಅಂತ ಹಾಕು. ಬದುಕಿರೋ ನರಸಮ್ಮ ಅಂತ ಹಾಕು."

ಮಾನಸ ಎಲ್ಲವನ್ನೂ ಫೋನಿನಲ್ಲಿ ಗುರುತು ಮಾಡಿಕೊಂಡಳು. ಹೋಗುವಾಗ, "ಮಧ್ಯಾಹ್ನ ಫೋಟೋ ತೆಗೀತೀನಿ ಸಾರ್" ಎಂದಳು.

ಫೋಟೋ ಎಂದಮೇಲೆ ಶಶಿಕುಮಾರ್ ಸುಮ್ಮನಿರಲಾದೀತೆ? ಕಾರ್ಖಾನೆಯ ಬೀಳ್ಕೊಡುಗೆಗೆ ಹೊಲಿಸಿದ್ದ ಕೋಟನ್ನು ಬೀರುವಿನಿಂದ ತೆಗೆದು ಕೊಡವಿದರು. ನುಸಿಗುಳಿಗೆಗಳು ಉರುಳಿ ಮಂಚದಡಿ ಸೇರಿದವು. ಮಾರುತಿ ಮಂದಿರದ ಹತ್ತಿರದ ಸೆಲೂನಿಗೆ ಹೋಗಿ ಕ್ಷೌರ ಮಾಡಿಸಿಕೊಂಡು ಮೀಸೆಗೆ ಡೈ ಹಾಕಿಸತೊಡಗಿದರು. ಅರ್ಧ ಮೀಸೆಗೆ ಬಣ್ಣ ಬಿದ್ದಿತ್ತು, ಮಾನಸಳ ಫೋನು ಬಂತು: "ಸಾರ್, ಮೋಡ ಕವೀತಿದೆ, ಬೆಳಕು ಹೋಗ್ತಿದೆ, ಬೇಗ ಬನ್ನಿ." ಬಿದ್ದಂಬೀಳ ಓಡಿ ಬಂದರು. ಕನ್ನಡಿಯಲ್ಲಿ ನೋಡಿದರೆ ಮೀಸೆ ಸಮ್ಮಿಶ್ರ ಸರ್ಕಾರದಂತಿತ್ತು. ಎಡಕ್ಕೂ ಬಲಕ್ಕೂ ಹೊಂದಾಣಿಕೆ ಇರಲಿಲ್ಲ.

"ಕೋಟು ಬೇಡ ಸಾರ್. ಬೆಳಗ್ಗೆ ಹಾಕಿದ್ದ ಶರ್ಟೇ ಚೆನ್ನಾಗಿತ್ತು. ಕಾಲರ್ ಹರಿದಿತ್ತಲ್ಲ, ಅದು," ಎಂದಳು ಮಾನಸ. "ತಟ್ಟೆ ಮುಂದೆ ಕೂತ್ಕೊಳ್ಳಿ. ಎದುರಿಗೆ ಒಂದು ಖಾಲಿ ಕುರ್ಚಿ ಇರಲಿ. ಕಿಟಕಿ ಕಡೆ ನೋಡಿ. ನಗಬೇಡಿ."

ಸರಳ ಜೀವನ ತೋರಿಸುತ್ತಿದ್ದಾಳೆ, ಜಾಣೆ, ಎಂದುಕೊಂಡು ಶಶಿಕುಮಾರ್ ನಗದೆ ಕುಳಿತರು. ನಗದಿರಲು ಬಹಳ ಕಷ್ಟವಾಯಿತು. ಖಾಲಿ ಕುರ್ಚಿ ಅಮ್ಮನದು. ಅದರ ಮೇಲೆ ಯಾವಾಗಲೂ ಒಗೆದ ಬಟ್ಟೆಯ ರಾಶಿ ಇರುತ್ತಿತ್ತು. ಬಟ್ಟೆ ತೆಗೆದ ಮೇಲೆ ಅದು ಕುರ್ಚಿಯೆಂದು ಅವರಿಗೇ ಮತ್ತೆ ಗೊತ್ತಾಯಿತು.

ಆಗಲೇ ಅವರಿಗೆ ಆ ಯೋಚನೆ ಹೊಳೆದದ್ದು. ಪ್ರಬಂಧ ಕಳಿಸುವ ಮುಂಚೆ ಎಲ್ಲರೂ ಇಲ್ಲೇ ಕೂತು ಒಮ್ಮೆ ಕೇಳಿದರೆ? ಅಮ್ಮನ ವೈಕುಂಠ ಸಮಾರಾಧನೆಯ ನಂತರ ಆ ಮನೆಯ ಒಳಕೋಣೆಗೆ ನೆಂಟರೂ ಬಂದಿರಲಿಲ್ಲ. ತುಮಕೂರಿನ ತಂಗಿ ಹಬ್ಬಕ್ಕೊಮ್ಮೆ ಫೋನಿನಲ್ಲಿ ಬಂದು ಹೋಗುತ್ತಿದ್ದಳು, ಅಷ್ಟೆ. ಶಶಿಕುಮಾರ್ ಹೋಟೆಲಿನಿಂದ ಖಾರಾಬಾತು, ಕೇಸರಿಬಾತು ಕಟ್ಟಿಸಿ ತಂದರು. ಶಾಮಿಯಾನದವನಿಂದ ಪ್ಲಾಸ್ಟಿಕ್ ಕುರ್ಚಿಗಳನ್ನು ತಂದು ದುಂಡಗೆ ಹಾಕಿದರು. ಖಾಲಿ ಕುರ್ಚಿಗಳ ಮಧ್ಯೆ ನಿಂತು, "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದು ಒಂದೆರಡು ಸಲ ಅಭ್ಯಾಸವನ್ನೂ ಮಾಡಿದರು.

ಐದು ಗಂಟೆಗೆಲ್ಲ ಮನೆ ತುಂಬಿತು. ಚನ್ನವೀರಪ್ಪ ಷಟರ್ ಅರ್ಧ ಇಳಿಸಿ ಬಂದರು. ವರಲಕ್ಷ್ಮಿ ಅಡುಗೆಮನೆಗೆ ನುಗ್ಗಿ ಒಂದು ಸುತ್ತು ತನಿಖೆ ಮುಗಿಸಿದರು. ನರಸಮ್ಮ ಅಮ್ಮನ ಕುರ್ಚಿಯಲ್ಲೇ ಕುಳಿತರು. ಎಲ್ಲರ ಕೈಯಲ್ಲೂ ತಟ್ಟೆ. ಶಶಿಕುಮಾರರಿಗೆ ಆ ಗದ್ದಲ ಎಷ್ಟು ಹಿತವಾಯಿತೆಂದರೆ, ಪ್ರಬಂಧವನ್ನು ಓದದೆ ಹೀಗೇ ಇದ್ದುಬಿಟ್ಟರೂ ಸಾಕಿತ್ತು.

ಮಾನಸ ಕಂಪ್ಯೂಟರ್ ಮುಂದೆ ನಿಂತಳು. "ಇಂಗ್ಲಿಷಲ್ಲಿದೆ, ಕನ್ನಡದಲ್ಲಿ ಹೇಳ್ತೀನಿ. ಕಾಲೇಜಿನೋರು ಕೇಳಿರೋ ಪ್ರಶ್ನೆ, 'ನಿಮ್ಮ ಬೀದಿಯ ಒಂದು ಸಮಸ್ಯೆ ಯಾವುದು? ಅದಕ್ಕೆ ನಿಮ್ಮ ಪರಿಹಾರ ಏನು?'"

ಶಶಿಕುಮಾರರ ಕಣ್ಣು ತಾನಾಗಿಯೇ ಗೋಡೆಯತ್ತ ಹೋಯಿತು. 'ಮೊದಲು ಪ್ರಶ್ನೆ ಓದಿ'.

"'ನಮ್ಮ ಬೀದಿಯ ಕಸ, ಮೋರಿ, ಪಾರ್ಕಿಂಗ್ ಎಲ್ಲರಿಗೂ ಕಾಣುತ್ತವೆ,'" ಎಂದು ಶುರು ಮಾಡಿದಳು ಮಾನಸ. "'ಯಾರಿಗೂ ಕಾಣದ ಸಮಸ್ಯೆ ಶಶಿಕುಮಾರ್.'"

ಹಾಲು ಬಂತು, ಹಬ್ಬದ ನಿದ್ದೆ ಬಂತು, ವಾರ್ತೆಯವಳ ನಮಸ್ಕಾರ ಬಂತು. ನರಸಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಚನ್ನವೀರಪ್ಪ ಸದ್ದಿಲ್ಲದೆ ಇನ್ನೊಂದು ಚಮಚ ಕೇಸರಿಬಾತು ಹಾಕಿಕೊಂಡರು. ಶಶಿಕುಮಾರ್ ತಲೆ ತಗ್ಗಿಸಿ ತಮ್ಮ ಅರ್ಧ ಮೀಸೆಯನ್ನು ಬೆರಳಿನಿಂದ ಮುಚ್ಚಿಕೊಂಡರು.

"ಪರಿಹಾರ," ಎಂದಳು ಮಾನಸ. "'ನಮ್ಮ ಬೀದಿಯವರು ಸರದಿ ಹಾಕಿಕೊಂಡು ದಿನಕ್ಕೊಂದು ಮನೆಯಲ್ಲಿ ಅವರನ್ನು ಊಟಕ್ಕೆ ಕರೆಯಬೇಕು.'"

ಶಶಿಕುಮಾರ್ ತಲೆಯೆತ್ತಿದರು. ಸಮಸ್ಯೆಯಾದ ಅವಮಾನ ಇನ್ನೂ ಆರಿರಲಿಲ್ಲ, ಆದರೆ ಅದರ ಹಿಂದೆಯೇ ಸೋಮವಾರ ವರಲಕ್ಷ್ಮಿಯವರ ಮನೆಯ ಬಸ್ಸಾರಿನ ವಾಸನೆ ಬಂದಂತಾಯಿತು.

"ದಿನಾನಾ?" ಎಂದರು ವರಲಕ್ಷ್ಮಿ.

"ನಮ್ಮನೇಲಿ ಊಟಕ್ಕೆ ಹೊತ್ತುಗೊತ್ತಿಲ್ಲ," ಎಂದರು ಚನ್ನವೀರಪ್ಪ.

ಮಾನಸ ಬರಹವನ್ನು ಕಾಲೇಜಿನ ವೆಬ್‌ಸೈಟಿಗೆ ಹಾಕಿದಳು. ಪರದೆಯಲ್ಲಿ ಕೆಂಪಕ್ಷರ ಮೂಡಿತು. ಮುನ್ನೂರು ಪದ ಮೀರಬಾರದು, ಇದು ಮೀರಿದೆ. ಆರಾಗಲು ಇನ್ನು ಸ್ವಲ್ಪ ಹೊತ್ತಿತ್ತು.

"ಹಾಲಿಂದು ತೆಗೀಲಾ?"

"ಅದ್ಹೇಗಮ್ಮ? ಇರೋದು ಅದೊಂದೇ ಅಂಗಡಿ ವಿಷಯ," ಎಂದರು ಚನ್ನವೀರಪ್ಪ.

"ನಮಸ್ಕಾರ?"

"ಅದನ್ನ ಕೇಳಿಸ್ಕೊಂಡಿದ್ದು ನಾನು. ಅದಿರ್ಲಿ," ಎಂದರು ವರಲಕ್ಷ್ಮಿ.

"ನನ್ನ ಮುಟ್ಟಿದ್ರೆ ನೋಡು," ಎಂದರು ನರಸಮ್ಮ. "ಹೋದ್ಸಲ ಸಾಯಿಸಿದ್ರಿ. ಈ ಸಲ ಬದುಕಿದೀನಿ, ಬಿಟ್ಬಿಡಿ."

ಮಾನಸ ತಿರುಗಿದಳು. "ಸಾರ್, ನೀವೇ ಹೇಳಿ. ಯಾವುದು ತೆಗೀಲಿ? ಈ ಸೀಟು ಸಿಗದಿದ್ರೆ ಅಪ್ಪ ಇಲ್ಲೇ ಯಾವುದೋ ಡಿಗ್ರಿ ಕಾಲೇಜಿಗೆ ಹಾಕ್ತಾರೆ."

ಎಲ್ಲರೂ ಅವರನ್ನೇ ನೋಡಿದರು. ಶಶಿಕುಮಾರ್ ಕನ್ನಡಕ ಹಾಕಿಕೊಂಡು ಪರದೆಯ ಮುಂದೆ ಕುಳಿತು ಮೊದಲಿನಿಂದ ಓದಿದರು. ಹುಡುಗಿ ಚೆನ್ನಾಗಿ ಬರೆದಿದ್ದಳು. ಹಾಲಿನ ಸಾಲಿನಲ್ಲಿ ಅವರ ಕಣ್ಣೇ ಒದ್ದೆಯಾಯಿತು. ಇಡೀ ಪ್ರಬಂಧದಲ್ಲಿ ಕಣ್ಣೊದ್ದೆಯಾಗದ ಪ್ಯಾರಾ ಒಂದೇ ಒಂದಿತ್ತು. ವ್ಯಾಪಾರದಲ್ಲಿ ಅವರು ಮಕ್ಕಳಿಗೆ ಯಾವತ್ತೂ ಮೋಸ ಮಾಡಿದವರಲ್ಲ.

"ಪರಿಹಾರದ ಪ್ಯಾರಾ ಸಪ್ಪೆಯಾಗಿದೆಯಮ್ಮ," ಎಂದರು.

"ಅದೇ ನೋಡಿ, ಅನುಭವ ಅಂದ್ರೆ," ಎಂದು ಚನ್ನವೀರಪ್ಪ ಉಸಿರು ಬಿಟ್ಟರು. ವರಲಕ್ಷ್ಮಿಯ ಮುಖವೂ ಸಡಿಲವಾಯಿತು.

ಶಶಿಕುಮಾರ್ ತಮ್ಮ ಕೈಯಿಂದಲೇ ಆ ಪ್ಯಾರಾ ಅಳಿಸಿದರು. ಪ್ರಶ್ನೆ ಪರಿಹಾರವನ್ನೂ ಕೇಳಿತ್ತಲ್ಲ, ಆ ಜಾಗದಲ್ಲಿ ಇಂಗ್ಲಿಷಿನಲ್ಲಿ ಒಂದೇ ಸಾಲು ಟೈಪ್ ಮಾಡಿದರು: 'ಇದಕ್ಕೆ ಪರಿಹಾರವನ್ನು ನಮ್ಮ ಬೀದಿ ಇನ್ನೂ ಹುಡುಕುತ್ತಿದೆ.' ಕೆಂಪಕ್ಷರ ಮಾಯವಾಯಿತು. ಅರ್ಜಿ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಸೀಟು ಸಿಕ್ರೆ ಫಸ್ಟು ನಿಮಗೇ ಹೇಳ್ತೀನಿ ಸಾರ್," ಎಂದು ಮಾನಸ ಓಡಿದಳು. ಚನ್ನವೀರಪ್ಪನವರಿಗೆ ಅಂಗಡಿ ಇತ್ತು, ವರಲಕ್ಷ್ಮಿಗೆ ಧಾರಾವಾಹಿ ಇತ್ತು. ನರಸಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು, "ಮೀಸೆ ಇನ್ನೊಂದು ಕಡೆನೂ ಮಾಡಿಸ್ಕೊಳಪ್ಪ" ಎಂದು ಹೋದರು.

ಶಶಿಕುಮಾರ್ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸಿಟ್ಟರು. ಅಮ್ಮನ ಕುರ್ಚಿಯ ಮೇಲೆ ಬಟ್ಟೆಯ ರಾಶಿಯನ್ನು ಮತ್ತೆ ಹಾಕಿದರು. ತಟ್ಟೆಗೆ ಉಳಿದ ಕೇಸರಿಬಾತು ಬಡಿಸಿಕೊಂಡು ಟೀವಿ ಹಾಕಿದರು. ವಾರ್ತೆ ಶುರುವಾಗುವ ಹೊತ್ತು.

"ನಮಸ್ಕಾರ," ಎಂದಳು ವಾರ್ತೆ ಓದುವವಳು.

ಶಶಿಕುಮಾರ್ ಬಾಯಿ ತೆರೆದವರು ತಲೆಯೆತ್ತಿ ಒಮ್ಮೆ ಸೂರು ನೋಡಿದರು. ರಿಮೋಟ್ ಒತ್ತಿ ದನಿ ತಗ್ಗಿಸಿದರು. ಆಮೇಲೆ ಮುಂದಕ್ಕೆ ಬಾಗಿ, ಮಹಡಿಗೆ ಕೇಳಿಸದಷ್ಟು ಮೆಲ್ಲಗೆ, "ನಮಸ್ಕಾರ. ಕೇಸರಿಬಾತು ಮಿಕ್ಕಿದೆ, ಸ್ವಲ್ಪ ತಗೋತೀರಾ?" ಎಂದರು.