ಜಗುಲಿಯ ಮೇಲೊಂದು ಸರ್ಕಾರಿ ಕಚೇರಿ

ನಮ್ಮ ಸೋದರಮಾವನಿಗೆ ಇಬ್ಬರು ಹೆಂಡತಿಯರು ಎಂದರೆ ಅವರು ಖಂಡಿತ ಒಪ್ಪುವುದಿಲ್ಲ. ಆದರೆ ನಮ್ಮತ್ತೆ ಒಪ್ಪುತ್ತಾರೆ! ಒಬ್ಬರು ತ್ಯಾಗರಾಜನಗರದ ಮನೆಯಲ್ಲಿದ್ದ ಸ್ವತಃ ನಮ್ಮತ್ತೆ, ಇನ್ನೊಬ್ಬಳು ತಾಲ್ಲೂಕು ಕಚೇರಿ. ಮದುವೆಯ ದಿನ ಮುಹೂರ್ತ ಮುಗಿಸಿ, ಊಟ ಮಾಡಿ, ಮಧ್ಯಾಹ್ನ ಕಚೇರಿಗೆ ಹೋಗಿಬಂದ ಮಹಾನುಭಾವ ಅವರು. "ಅರ್ಧ ದಿನ ರಜಾ ಉಳೀತಲ್ಲೇ" ಎಂದು ಹೊಸ ಹೆಂಡತಿಯನ್ನು ಸಮಾಧಾನಪಡಿಸಿದರಂತೆ.

ಎಂಬತ್ತರ ದಶಕದ ಮಾತು. ಕಾಲೇಜು ಓದಲು ನಾನು ಅವರ ಮನೆಯಲ್ಲಿದ್ದೆ. ಆ ವರ್ಷ ಸರ್ಕಾರಿ ನೌಕರರೆಲ್ಲ ಸೇರಿ ಅನಿರ್ದಿಷ್ಟ ಮುಷ್ಕರ ಹೂಡಿದರು. ಕಚೇರಿಗಳಿಗೆ ಬೀಗ ಬಿತ್ತು. ನಿಜ ಹೇಳಬೇಕೆಂದರೆ ಮೊದಲ ವಾರ ಯಾರಿಗೂ ವ್ಯತ್ಯಾಸವೇ ತಿಳಿಯಲಿಲ್ಲ! ಎರಡನೆಯ ವಾರ ಬಿಸಿ ತಟ್ಟತೊಡಗಿತು. ಎದುರುಮನೆಯ ಅಜ್ಜಿಗೆ ವಿಧವಾ ವೇತನ ಬರಲಿಲ್ಲ, ಮೂಲೆಮನೆಯವರ ರೇಷನ್ ಕಾರ್ಡು ಕಚೇರಿಯೊಳಗೇ ಸಿಕ್ಕಿಕೊಂಡಿತು, ಸರ್ಕಾರಿ ಶಾಲೆಯ ಮಕ್ಕಳು ಬೀದಿಯಲ್ಲಿ ಗೋಲಿ ಆಡಿಕೊಂಡು ಮುಷ್ಕರಕ್ಕೆ ಮನಸಾರೆ ಬೆಂಬಲ ಸೂಚಿಸಿದರು.

ಎಲ್ಲರಿಗಿಂತ ಹೆಚ್ಚು ಒದ್ದಾಡಿದವರು ಮಾವ. ಮುಷ್ಕರ ಮುರಿದರೆ ಸಂಘಕ್ಕೆ ದ್ರೋಹ. ಕೆಲಸವಿಲ್ಲದೆ ಕೂತರೆ ಅವರಿಗೆ ಜೀವ ಹೋಗುತ್ತದೆ. ಏನು ಮಾಡಬೇಕು? ಒಂದು ದಿನ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕೋಟು ತೊಟ್ಟು, ಜಗುಲಿಗೆ ಮೇಜು ಎಳೆದು, ನನ್ನ ಹೊಸ ನೋಟ್‌ಬುಕ್ಕೊಂದನ್ನು ರಿಜಿಸ್ಟರು ಮಾಡಿಕೊಂಡು ಕೂತೇಬಿಟ್ಟರು!

"ಏನೇ, ಒಂದು ಲೋಟ ಕಾಫಿ ತಾ."

"ಅರ್ಜಿ ಬರ್ಕೊಡಿ, ನೋಡೋಣ. ಅಡುಗೆಮನೇಲೂ ಸ್ಟ್ರೈಕು!" ಎಂದರು ಅತ್ತೆ ಒಳಗಿನಿಂದ.

ಮಾವ ನಿಜವಾಗಿಯೂ ಬರೆದುಕೊಟ್ಟರು. ನಾನು ಸಿನಿಮಾಕ್ಕೆ ಹೋಗಲು ಅನುಮತಿ ಕೇಳಿದಾಗ ನನ್ನಿಂದಲೂ ಅರ್ಜಿ ಬರೆಸಿಕೊಂಡರು. "ಯಾವ ಚಿತ್ರವೆಂಬುದನ್ನು ಸ್ಪಷ್ಟಪಡಿಸಿ ಮರಳಿ ಸಲ್ಲಿಸತಕ್ಕದ್ದು" ಎಂದು ಷರಾ ಬರೆದು ವಾಪಸು ಕಳಿಸಿದರು. ನಾನು ಸ್ಪಷ್ಟಪಡಿಸುವಷ್ಟರಲ್ಲಿ ಚಿತ್ರ ಥಿಯೇಟರಿನಿಂದ ಎತ್ತಂಗಡಿಯಾಗಿತ್ತು.

ಇಡೀ ಬೆಂಗಳೂರಿನಲ್ಲಿ ತೆರೆದಿದ್ದ ಕಚೇರಿ ಅದೊಂದೇ ಇರಬೇಕು! ಸುದ್ದಿ ಹಬ್ಬಿ, ಪಕ್ಕದ ಶ್ರೀನಗರ ಬಡಾವಣೆಯಿಂದಲೂ ಜನ ಬರತೊಡಗಿದರು. ಮಾವ ಎಲ್ಲರ ಅರ್ಜಿ ತೆಗೆದುಕೊಂಡು, ನಂಬರು ಹಾಕಿ, ಸ್ವೀಕರಿಸಿದ್ದೇನೆಂದು ಚೀಟಿ ಬರೆದು ರುಜು ಹಾಕುತ್ತಿದ್ದರು. "ಮುಷ್ಕರ ಮುಗಿದ ದಿನವೇ ಸಾಹೇಬರ ಮುಂದಿಡ್ತೀನಿ" ಎಂಬ ಭರವಸೆ ಬೇರೆ. ಜನ ಕೈಮುಗಿದು ಹೋಗುತ್ತಿದ್ದರು. ಮಾವನ ಮುಖದಲ್ಲಿ ಏನು ಕಳೆ!

ಪಕ್ಕದ ವಠಾರದಲ್ಲಿ ಹೂ ಮಾರುವ ಸಾಕಮ್ಮ ಇದ್ದಳು. ಅವಳ ಮಗಳು ಗೌರಿಗೆ ಒಂದು ಖಾಸಗಿ ಆಸ್ಪತ್ರೆಯ ನರ್ಸ್ ತರಬೇತಿಯಲ್ಲಿ ಉಚಿತ ಸೀಟು ಸಿಕ್ಕಿತ್ತು. ಬೇಕಾಗಿದ್ದದ್ದು ತಾಲ್ಲೂಕು ಕಚೇರಿಯ ಆದಾಯ ಸರ್ಟಿಫಿಕೇಟು ಒಂದೇ. ಅವಳಿಗೂ ಮಾವ ಠೀವಿಯಿಂದ ಚೀಟಿ ಕೊಟ್ಟರು. ನಂಬರಿದೆ, ತಾರೀಖಿದೆ, ಗುಮಾಸ್ತರ ರುಜು ಇದೆ. ಸ್ಟ್ರೈಕಿನ ಕಾಲಕ್ಕೆ ಇಷ್ಟು ಸಾಕೆಂದು ತಾಯಿ ಮಗಳು ನಂಬಿದರು.

ತರಬೇತಿಗೆ ಸೇರುವ ಕೊನೆಯ ದಿನ ಮಧ್ಯಾಹ್ನ ಗೌರಿ ಅಳುತ್ತ ಬಂದಳು, ಹಿಂದೆಯೇ ಸಾಕಮ್ಮ. ಚೀಟಿ ನೋಡಿ ಆಸ್ಪತ್ರೆಯವರು ನಕ್ಕಿದ್ದರು.

"ಇದ್ಯಾವ ಆಫೀಸಮ್ಮ ಅಂದ್ರು ಸಾರ್. ಸಂಜೆಯೊಳಗೆ ಸರ್ಟಿಫಿಕೇಟ್ ತರದಿದ್ರೆ ಸೀಟು ಬೇರೆಯವರಿಗಂತೆ."

ಮಾವನ ಮುಖ ಸುಣ್ಣ ಬಳಿದಂತಾಯಿತು. ಸಾಕಮ್ಮ ಬೈದಿದ್ದರೆ ಚೆನ್ನಾಗಿತ್ತು. ಅವಳು "ನೀವೇನ್ ಮಾಡ್ತೀರಿ ಬುಡಿ ಸ್ವಾಮಿ, ನಮ್ ಹಣೇಬರ" ಎಂದುಬಿಟ್ಟಳು. ಮಾವ ಎದ್ದು, ಜೀವಮಾನದಲ್ಲಿ ಮೊದಲ ಸಲ ಆಟೋ ಕರೆದರು. ಗೌರಿಯನ್ನೂ ನನ್ನನ್ನೂ ಹತ್ತಿಸಿಕೊಂಡು ಹೊರಟರು.

ಆಸ್ಪತ್ರೆಯಲ್ಲಿ ಒಂದು ಗಂಟೆ ಸಾಲಿನಲ್ಲಿ ನಿಂತೆವು. ಕೊನೆಗೆ ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಒಳಗೆ ಕರೆದರು.

"ಮೇಡಂ, ಸರ್ಟಿಫಿಕೇಟ್ ಕೊಡಬೇಕಾದ ಆಫೀಸಿನ ಗುಮಾಸ್ತ ನಾನೇ" ಎಂದರು ಮಾವ. "ಬಾಗಿಲು ಹಾಕಿರೋರು ನಾವು. ಆಫೀಸು ನಡೀತಿದೆ ಅನ್ನೋ ಹಾಗೆ ಈ ಚೀಟಿ ಕೊಟ್ಟವನೂ ನಾನೇ. ಈ ಮಗೂದು ಏನೂ ತಪ್ಪಿಲ್ಲ. ಮುಷ್ಕರ ಮುಗಿಯೋವರೆಗೆ ಟೈಮ್ ಕೊಡಿ."

"ಎಲ್ಲರೂ ಬಡವರು ಅಂತಾನೇ ಬರ್ತಾರೆ ಸಾರ್. ನಿಮ್ಮ ಹತ್ರ ದಾಖಲೆ ಏನಿದೆ?"

ಮೂವತ್ತು ವರ್ಷ ಮಾವ ಬೇರೆಯವರನ್ನು ಕೇಳಿದ್ದ ಪ್ರಶ್ನೆ! ಅವರು ಗೌರಿಯ ಕೈ ಹಿಡಿದು ಮೇಜಿನ ಮೇಲೆ ಅಂಗೈ ಮೇಲಾಗಿ ಇಟ್ಟರು. ಹೂ ಕಟ್ಟಿ ಕಟ್ಟಿ ನಾರು ಕೊಯ್ದ ಗೆರೆಗಳು ಬೆರಳ ತುಂಬ ಇದ್ದವು.

"ಇದೇ ಮೇಡಂ" ಎಂದರು.

ಮೇಟ್ರನ್ ಆ ಬೆರಳುಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪಟ್ಟಿಯಲ್ಲಿ ಗೌರಿಯ ಹೆಸರಿನ ಮುಂದೆ "ಮುಷ್ಕರ ಮುಗಿಯುವವರೆಗೆ" ಎಂದು ಬರೆದರು. ಮಾವ ಆ ಕೈಯನ್ನು ಬಿಟ್ಟಿರಲಿಲ್ಲ. ಮಕ್ಕಳಿಲ್ಲದ ನಮ್ಮ ಮಾವ, ಹೊರಗೆ ಬಂದು ಮೆಟ್ಟಿಲಿಳಿಯುವಾಗಲೂ ಬಿಡಲಿಲ್ಲ.